ಶಾಂಭವಿ ‘ಇಲ್ಲ’ ಎನ್ನಲು ಕಲಿತದ್ದು

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಮುರುಗೇಶಪ್ಪನವರ ಜವಳಿ ಅಂಗಡಿಗೆ ಹೋಗಿ ‘ಇಲ್ಲ’ ಎಂಬ ಮಾತು ಕೇಳಿಸಿಕೊಂಡು ಬಂದವರು ಯಾರೂ ಇರಲಿಲ್ಲ. ಕೇಳಿದ ಮಾಲೆಲ್ಲ ಅಲ್ಲಿ ಇರುತ್ತಿತ್ತು ಎಂದಲ್ಲ. ಎಷ್ಟೋ ಸಲ ಇರುತ್ತಿರಲಿಲ್ಲ. ಆದರೆ ನೀವು ಬಿಳಿ ಪಂಚೆ ಕೇಳಿದರೆ ಅವರು “ಬನ್ನಿ, ಕೂತ್ಕೊಳ್ಳಿ, ಬಿಸ್ಲಲ್ಲಿ ಬಂದಿದೀರಿ” ಎಂದು ಹಾಸಿನ ಮೇಲೆ ಕೂರಿಸುತ್ತಿದ್ದರು. ಮೊದಲು ಕೆನೆಬಣ್ಣದ ಪಂಚೆ ಇಳಿಯುತ್ತಿತ್ತು, ಆಮೇಲೆ ಜರಿಯಂಚಿನ ಶಲ್ಯ, ಆಮೇಲೆ ಸೊಲ್ಲಾಪುರದ ಹೊದಿಕೆ. ಒಂದರ ಮೇಲೊಂದು ಹರಡುತ್ತಾ ಹೋದ ಹಾಗೆ ನಿಮಗೂ ಮನಸ್ಸು ಕರಗಿ, ಹೊದಿಕೆ ಹಿಡಿದುಕೊಂಡು ಮನೆಗೆ ಹೋಗುತ್ತಿದ್ದಿರಿ. ಪಂಚೆ ತರಲು ಹೋಗಿದ್ದು ಎಂಬುದು ಹೆಂಡತಿ ಕೇಳಿದಾಗ ನೆನಪಾಗುತ್ತಿತ್ತು.

‘ಇಲ್ಲ’ ಎಂದರೆ ಲಕ್ಷ್ಮಿ ಮುನಿಸಿಕೊಳ್ಳುತ್ತಾಳೆ ಎನ್ನುವುದು ಅವರ ತಂದೆಯ ಕಾಲದಿಂದ ಬಂದ ನಂಬಿಕೆ. ಅದರಲ್ಲೂ ಬೆಳಗ್ಗೆ ಬೋಣಿಯಾಗುವ ಮೊದಲು, ಅಂದರೆ ದಿನದ ಮೊದಲ ವ್ಯಾಪಾರ ಕುದುರುವ ಮೊದಲು, ಆ ಮಾತು ಅಂಗಡಿಯೊಳಗೆ ಯಾರ ಬಾಯಿಂದಲೂ ಬರುವ ಹಾಗಿರಲಿಲ್ಲ. ಮನೆಯಲ್ಲೂ ಅದೇ ಶಾಸ್ತ್ರ. ಅಕ್ಕಿ ಮುಗಿದಾಗ ಅವರ ಹೆಂಡತಿ ಬಸವರಾಜೇಶ್ವರಿಯಮ್ಮ “ಅಕ್ಕಿ ಹೆಚ್ಚಿದೆ” ಎನ್ನುತ್ತಿದ್ದರೇ ಹೊರತು ಇಲ್ಲ ಎಂದವರಲ್ಲ. ಶಾಂಭವಿ ಇಂಥ ಮನೆಯ ಒಬ್ಬಳೇ ಮಗಳು. ಹುಟ್ಟಿದಾಗಿನಿಂದ ಅವಳ ಕಿವಿಗೂ ಆ ಮಾತು ಬಿದ್ದಿರಲಿಲ್ಲ, ಬಾಯಿಗೂ ಬಂದಿರಲಿಲ್ಲ.

ನಾನು ಇಂಪನಾ. ಭದ್ರಾವತಿಯ ಜನ್ನಾಪುರದವಳು. ನನ್ನಪ್ಪ ಓಬಯ್ಯ ಕಾರ್ಖಾನೆಯಲ್ಲಿ ಫಿಟ್ಟರ್. ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದು ಬಿ.ಕಾಂ. ಓದಿದೆ, ಅಲ್ಲಿ ಶಾಂಭವಿ ಮತ್ತು ನಾನು ಒಂದೇ ಬೆಂಚು. ಈಗ ನಮ್ಮೂರಲ್ಲೇ ಕಾಮರ್ಸ್ ಪಾಠ ಮಾಡುತ್ತೇನೆ. ಇಂಟರ್‌ವ್ಯೂಗೆ ಹೇಗೆ ತಯಾರಾಗುವುದು ಮೇಡಂ ಎಂದು ಹುಡುಗರು ಕೇಳಿದಾಗಲೆಲ್ಲ ನನಗೆ ಶಾಂಭವಿಯದೇ ನೆನಪು. ಅಷ್ಟು ಬುದ್ಧಿವಂತೆಯಾಗಿದ್ದು ಅಷ್ಟು ಸುಲಭದ ಮಾತಿನಲ್ಲಿ ಎಡವಿದವಳನ್ನು ನಾನು ಮತ್ತೆ ನೋಡಿಲ್ಲ.

ಅವಳಿಗೆ ಎಂ.ಬಿ.ಎ. ಹುಚ್ಚು ಹಿಡಿಸಿದ್ದು ಒಬ್ಬಳು ಹೆಂಗಸು. ನಾವು ಕೊನೆಯ ವರ್ಷದಲ್ಲಿದ್ದಾಗ ದೊಡ್ಡ ಮಿಲ್ಲೊಂದರ ಕಡೆಯಿಂದ ಅಂಗಡಿಗೆ ಬಂದಿದ್ದಳು. ಹತ್ತಿ ಸೀರೆ, ಕತ್ತರಿಸಿದ ಕೂದಲು, ಕೈಯಲ್ಲಿ ಬಟ್ಟೆಯ ತುಂಡುಗಳ ಗೊಂಚಲು. ಮುಂದಿನ ವರ್ಷ ಈ ಕಡೆ ಯಾವ ಬಣ್ಣ ಓಡುತ್ತದೆ ಎಂದು ಮುರುಗೇಶಪ್ಪನವರನ್ನು ಕೇಳಿದಳು. ಅವರು ಎಂದಿನಂತೆ ಏನೇನೋ ಹರಡಿದರು. ಒಳಗಿದ್ದ ಶಾಂಭವಿ ಬಂದು, ಹೆಂಗಸರು ಕಳೆದ ಹಬ್ಬದಲ್ಲಿ ಏನು ಕೇಳಿದರು, ಯಾವುದನ್ನು ಮುಟ್ಟಿ ನೋಡಿ ಬಿಟ್ಟರು, ಯಾಕೆ ಬಿಟ್ಟರು ಎಂದೆಲ್ಲ ಹೇಳಿದಳು. ಆ ಹೆಂಗಸು ಬರೆದುಕೊಳ್ಳುವುದನ್ನು ನಿಲ್ಲಿಸಿ ಇವಳ ಮುಖ ನೋಡಿದಳಂತೆ. “ನೀವು ಈ ಹಾಸಿನ ಮೇಲಲ್ಲ, ನಮ್ಮ ಆಫೀಸಲ್ಲಿ ಕೂರಬೇಕು. ಬಣ್ಣ ಅಲ್ಲಿ ನಿರ್ಧಾರ ಆಗುತ್ತೆ” ಎಂದಳಂತೆ.

ಅಷ್ಟು ಸಾಕಾಯಿತು. ಇಡೀ ದೇಶದ ಹೆಂಗಸರು ಮುಂದಿನ ವರ್ಷ ಏನು ಉಡುತ್ತಾರೆ ಎಂದು ನಿರ್ಧಾರವಾಗುವ ಕೋಣೆಯಲ್ಲಿ ತನಗೊಂದು ಕುರ್ಚಿ ಬೇಕು ಎಂದು ಇವಳು ಗಟ್ಟಿ ಮಾಡಿಕೊಂಡಳು. ಅದಕ್ಕೆ ದಾರಿ ಬೆಂಗಳೂರಿನ ಒಂದು ದೊಡ್ಡ ಮ್ಯಾನೇಜ್‌ಮೆಂಟ್ ಕಾಲೇಜು. ಮೊದಲು ಪ್ರವೇಶ ಪರೀಕ್ಷೆ, ಅದರಲ್ಲಿ ಪಾಸಾದರೆ ಗ್ರೂಪ್ ಡಿಸ್ಕಷನ್, ಅದಾದ ಮೇಲೆ ಇಂಟರ್‌ವ್ಯೂ. ಕಾಲೇಜಿನ ಹೆಸರು ಇಲ್ಲಿ ಬೇಡ.

ಅಪ್ಪನಿಗೆ ಹೇಳಿದಳು. ಮುರುಗೇಶಪ್ಪನವರು ಬೇಡ ಎನ್ನಲಿಲ್ಲ, ಎಲ್ಲಾದರೂ ಉಂಟೆ? “ಒಳ್ಳೇ ವಿಚಾರ ಮರೀ” ಎಂದರು. ಮರುದಿನ ಬಿ.ಎಡ್. ಕಾಲೇಜಿನ ಅರ್ಜಿ ತಂದರು. ಆಮೇಲೆ ಬ್ಯಾಂಕ್ ಪರೀಕ್ಷೆಯ ಪುಸ್ತಕ ತಂದರು. ಅದಾದ ಮೇಲೆ ಹತ್ತಿರದಲ್ಲೇ ಕಂಪ್ಯೂಟರ್ ಕ್ಲಾಸ್ ಶುರುವಾಗಿದೆ ಎಂದು ಹೇಳಿ ಅದರ ಜಾಹೀರಾತು ತೋರಿಸಿದರು. ನನಗೆ ನಗು ಬರುತ್ತಿತ್ತು, ಶಾಂಭವಿಗೆ ಅಳು. ಗಂಡುಮಕ್ಕಳಿಲ್ಲದ ಆ ಮನೆಯಲ್ಲಿ ಅಂಗಡಿ ನೋಡಿಕೊಳ್ಳಲು ಇದ್ದವಳು ಅವಳೊಬ್ಬಳೇ. ಅಂಗಡಿಯ ಬೋರ್ಡಿನಲ್ಲಿ ಮಾತ್ರ ತಾತನ ಕಾಲದ ‘ಅಂಡ್ ಸನ್ಸ್’ ಎಂಬ ಅಕ್ಷರಗಳು ಬಣ್ಣ ಮಾಸಿದರೂ ಹಾಗೇ ಕೂತಿದ್ದವು.

ಕೊನೆಗೆ ಇತ್ಯರ್ಥ ಮಾಡಿದವರು ಬಸವರಾಜೇಶ್ವರಿಯಮ್ಮ. “ಎರಡು ಸಲ ಬರಿ. ಅಷ್ಟರಲ್ಲಿ ಆಗ್ಲಿಲ್ಲ ಅಂದ್ರೆ ಅಂಗಡಿ ನೀನೇ ನೋಡ್ಕೋಬೇಕು. ಅಪ್ಪಾಜಿಗೆ ಮಂಡಿ ನೋವು, ಎಷ್ಟು ದಿನ ಏಣಿ ಹತ್ತಿ ಇಳೀತಾರೆ?” ಎಂದರು. ನ್ಯಾಯವಾದ ಮಾತೇ ಆಗಿತ್ತು, ಯಾರೂ ತಕರಾರು ಎತ್ತಲಿಲ್ಲ.

ನಮ್ಮ ತಯಾರಿ ನಡೆದದ್ದು ಅಂಗಡಿಯ ಅಟ್ಟದ ಮೇಲೆ, ಬಟ್ಟೆಯ ಮೂಟೆಗಳ ನಡುವೆ. ಪುಸ್ತಕಗಳು ಬೆಂಗಳೂರಿನಿಂದ ಅಂಚೆಯಲ್ಲಿ ಬರುತ್ತಿದ್ದವು. ಇಂಗ್ಲಿಷ್ ಪೇಪರಿನ ಸಂಪಾದಕೀಯವನ್ನು ಗಟ್ಟಿಯಾಗಿ ಓದುವುದು ನಮ್ಮ ಕ್ರಮ. ಅಲ್ಲಿ ಎಷ್ಟು ಕಿರುಚಿ ಓದಿದರೂ ಕೆಳಗೆ ಕೇಳಿಸುತ್ತಿರಲಿಲ್ಲ, ದನಿಯನ್ನೆಲ್ಲ ಬಟ್ಟೆ ನುಂಗಿಬಿಡುತ್ತಿತ್ತು. ಶೇಕಡಾ ಲೆಕ್ಕ ಅವಳಿಗೆ ನೀರು ಕುಡಿದಷ್ಟು ಸುಲಭ. ನಾನು ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಉತ್ತರ ಹೇಳಿ ನನ್ನ ಹೊಟ್ಟೆ ಉರಿಸುತ್ತಿದ್ದಳು. ನಾನೂ ಪರೀಕ್ಷೆಗೆ ಕಟ್ಟಿದ್ದೆ, ಅವಳಿಗೆ ಜೊತೆ ಎಂದು. ಫಲಿತಾಂಶ ಏನಾಯಿತು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಗ್ರೂಪ್ ಡಿಸ್ಕಷನ್‌ಗೆ ಇಬ್ಬರು ಸಾಲುವುದಿಲ್ಲ ಎಂದು ನಾನು ಯೋಚನೆ ಮಾಡುತ್ತಿದ್ದರೆ ಶಾಂಭವಿ ನಕ್ಕಳು. “ಮದುವೆ ಜವಳಿ ತೆಗ್ಯೋಕೆ ಬರ್ತಾರಲ್ಲ, ಅದ್ಕಿಂತ ಡಿಸ್ಕಷನ್ ಬೇಕೇನೆ?” ಎಂದಳು. ನೋಡಿದ ಮೇಲೆ ನಾನೂ ಒಪ್ಪಬೇಕಾಯಿತು. ಎರಡೂ ಕಡೆಯ ಬೀಗಿತ್ತಿಯರು, ಅತ್ತಿಗೆ ನಾದಿನಿಯರು, ಪಕ್ಕದ ಮನೆಯವರು, ಎಲ್ಲರೂ ಒಟ್ಟಿಗೆ ಮಾತಾಡುತ್ತಾ ಧಾರೆ ಸೀರೆಯ ಮೇಲೆ ಯುದ್ಧ ನಡೆಸುವಾಗ ಇವಳು ಮಧ್ಯೆ ಕೂತು ಯಾರ ಮರ್ಯಾದೆಗೂ ಕುಂದು ಬರದ ಹಾಗೆ ಎಲ್ಲರನ್ನೂ ಒಂದೇ ಸೀರೆಗೆ ತಂದು ನಿಲ್ಲಿಸುತ್ತಿದ್ದಳು. ಯಾರು ಉಸಿರು ಎಳೆದುಕೊಳ್ಳಲು ಬಾಯಿ ಮುಚ್ಚುತ್ತಾರೋ ಆಗ ನುಗ್ಗಬೇಕು ಎಂಬ ಗುಟ್ಟನ್ನು ನನಗೂ ಹೇಳಿಕೊಟ್ಟಳು.

ಪರೀಕ್ಷೆ ಪಾಸಾಯಿತು. 1998ರ ಬೇಸಿಗೆಗೆ ಮುಂಚೆ ಬೆಂಗಳೂರಿಗೆ ಕರೆ ಬಂತು. ಗ್ರೂಪ್ ಡಿಸ್ಕಷನ್‌ನಲ್ಲಿ ವಿದೇಶಿ ಕಂಪನಿಗಳು ಬರಬೇಕೇ ಬೇಡವೇ ಎಂಬ ವಿಷಯ ಕೊಟ್ಟರಂತೆ. ಟೈ ಕಟ್ಟಿದ ಹುಡುಗರು ಮೇಜು ಗುದ್ದಿದರಂತೆ. “ಏನು ಮಹಾ, ನಮ್ಮ ಬೀಗಿತ್ತಿಯರ ಮುಂದೆ ಅವ್ರೆಲ್ಲ ಪಾಪದವ್ರು ಕಣೆ” ಎಂದಳು. ಅಲ್ಲೂ ದಾಟಿದಳು. ಉಳಿದದ್ದು ಇಂಟರ್‌ವ್ಯೂ.

ಒಳಗೆ ಮೂವರು ಕೂತಿದ್ದರು. ಮಧ್ಯದಲ್ಲಿ ಸಣಕಲು ಮೈಯ, ದಪ್ಪ ಕನ್ನಡಕದ ಹಿರಿಯ ಪ್ರೊಫೆಸರು. ಮಾತೆಲ್ಲ ಇಂಗ್ಲಿಷಿನಲ್ಲೇ ನಡೆದದ್ದು, ಶಾಂಭವಿ ನನಗೆ ಹೇಳಿದ್ದು ಕನ್ನಡದಲ್ಲಿ. ಮೊದಲು ಅಂಗಡಿಯ ವಿಚಾರ ಕೇಳಿದಾಗ ಇವಳು ಮಿಂಚಿಬಿಟ್ಟಳು. ಆಮೇಲೆ ಪ್ರೊಫೆಸರು, ಹೋದ ವರ್ಷ ಥಾಯ್ಲೆಂಡಿನ ಹಣದ ಬೆಲೆ ಯಾಕೆ ಕುಸಿಯಿತು ಎಂದು ಕೇಳಿದರು. ಇವಳಿಗೆ ಗೊತ್ತಿರಲಿಲ್ಲ. ಪೇಪರಿನಲ್ಲಿ ಆ ಸುದ್ದಿ ಕಂಡಾಗ ಪುಟ ತಿರುವಿದ್ದಳು.

ಆದರೆ ಜವಳಿ ಅಂಗಡಿಯ ಮಗಳಲ್ಲವೇ. ಥಾಯ್ಲೆಂಡಿನ ಹಣದ ಬದಲು ಥಾಯ್ಲೆಂಡಿನ ರೇಷ್ಮೆ ತೆಗೆದಳು. ಅಲ್ಲಿಂದ ಸೂರತ್ತಿನ ಕೃತಕ ರೇಷ್ಮೆಗೆ ಬಂದಳು, ಅದನ್ನು ಹರಡಿ ಮಡಿಸುವ ಮೊದಲೇ ನಮ್ಮ ರೂಪಾಯಿಯ ಬೆಲೆ ತೆಗೆದಳು. ಪ್ರೊಫೆಸರು ಸಮಾಧಾನವಾಗಿ ಎಲ್ಲ ಕೇಳಿಸಿಕೊಂಡು ಇನ್ನೊಂದು ಪ್ರಶ್ನೆ ಹಾಕಿದರು. ಅದೂ ಗೊತ್ತಿರಲಿಲ್ಲ. ಇವಳು ಅದಕ್ಕೂ ನಗುನಗುತ್ತಾ ಬೇರೊಂದು ಮಾಲು ತೋರಿಸಿದಳು. ಕೊನೆಗೆ ಅವರು ಕನ್ನಡಕ ತೆಗೆದು, ನಿಮಗೆ ಗೊತ್ತಿಲ್ಲದ್ದು ಏನಾದರೂ ಇದೆಯೇ ಎಂದು ಕೇಳಿದರಂತೆ. “ಇದೆ ಸಾರ್, ಆದ್ರೆ ಅದಕ್ಕೆ ಹತ್ತಿರದ್ದು ಬೇರೆ ಗೊತ್ತಿದೆ” ಎಂದಳಂತೆ ಇವಳು. ಮೂವರೂ ಗಟ್ಟಿಯಾಗಿ ನಕ್ಕರು.

ಅವರು ನಕ್ಕದ್ದೇ ಇವಳಿಗೆ ಸಂಭ್ರಮ. ಗಿರಾಕಿ ನಕ್ಕರೆ ವ್ಯಾಪಾರ ಕುದುರಿತು ಎಂದಲ್ಲವೇ ಅವಳ ಲೆಕ್ಕ. ಊರಿಗೆ ಬಂದವಳೇ “ಆಗೇ ಆಗುತ್ತೆ ಮಾರಾಯ್ತಿ, ಮೂರೂ ಜನ ನಕ್ರು” ಎಂದು ನನ್ನ ಕೈ ಹಿಡಿದು ಕುಣಿದಳು. ಆಯ್ಕೆಯಾಗಿಲ್ಲ ಎಂದು ಕಾಲೇಜಿನಿಂದ ಕಾಗದ ಬಂದಾಗ ಅವಳಿಗೆ ನಂಬಲು ಆಗಲಿಲ್ಲ. ಎಲ್ಲಿ ತಪ್ಪಿತು ಎಂದು ಗೊತ್ತಾಗದೆ ಒದ್ದಾಡಿದಳು. ಅವಳು ಊಟ ಬಿಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮನಸ್ಸು ಬದಲಾಗಲಿ ಎಂದು ನಾನು ಅವಳನ್ನು ತ್ಯಾವರೆಕೊಪ್ಪಕ್ಕೆ ಎಳೆದುಕೊಂಡು ಹೋದೆ, ಹುಲಿ ಸಿಂಹ ತೋರಿಸುವುದಕ್ಕೆ. ಸಫಾರಿ ವ್ಯಾನಿನಲ್ಲಿ ನಮ್ಮ ಮುಂದೆ ದಪ್ಪನೆಯ ಹೆಂಗಸೊಬ್ಬರು ಮೊಮ್ಮಕ್ಕಳ ಜೊತೆ ಕೂತಿದ್ದರು. ಸಿಂಹಗಳೇನೋ ಮರದ ನೆರಳಲ್ಲಿ ಮಲಗಿದ್ದು ಕಂಡವು. ಹುಲಿಯ ಸುಳಿವಿಲ್ಲ, ಬಿಸಿಲಿಗೆ ಎಲ್ಲೋ ಪೊದೆ ಸೇರಿಕೊಂಡಿರಬೇಕು.

“ಹುಲಿ ಎಲ್ಲಪ್ಪಾ?” ಎಂದು ಆಕೆ ಡ್ರೈವರನ್ನು ಕೇಳಿದರು.

“ಬರ್ತದೆ ಅಮ್ಮ, ಬರ್ತದೆ. ಅಲ್ಲಿ ನೋಡಿ, ಜಿಂಕೆ!”

ಸ್ವಲ್ಪ ದೂರ ಹೋದ ಮೇಲೆ ಆಕೆ ಮತ್ತೆ ಕೇಳಿದರು. ಆತ ನವಿಲು ತೋರಿಸಿದ. ಮೂರನೆಯ ಸಲ ಒಂದು ಬಂಡೆ ತೋರಿಸಿ, ನಿನ್ನೆ ಇದೇ ಬಂಡೆಯ ಮೇಲೆ ಮಲಗಿತ್ತು ಎಂದು ಭಕ್ತಿಯಿಂದ ಹೇಳಿದ. ಆಕೆಗೆ ರೇಗಿಹೋಯಿತು.

“ಹುಲಿ ಇವತ್ತು ಇಲ್ಲ ಅಂತ ಹೇಳ್ಬಿಡೋ ಮಾರಾಯ! ನಾವೇನು ನಿನ್ನ ಹಿಡ್ಕೊಂಡು ಹೊಡಿತೀವಾ? ಕೇಳಿದ್ದು ಬಿಟ್ಟು ಊರಲ್ಲಿರೋದೆಲ್ಲ ತೋರಿಸ್ತಾನೆ!”

ವ್ಯಾನಿನಲ್ಲಿದ್ದವರೆಲ್ಲ ನಕ್ಕರು. ಡ್ರೈವರೂ ನಕ್ಕ. ಅಲ್ಲಿಯವರೆಗೆ ನನ್ನ ಜೊತೆ ನಗುತ್ತಿದ್ದ ಶಾಂಭವಿ ಮಾತ್ರ ನನ್ನ ಕಡೆ ತಿರುಗಿದಳು. ನನ್ನ ಮೊಣಕೈ ಹಿಡಿದು ಹೇಳಿದಳು: “ಇಂಪನಾ, ನಾನು ಆ ಪ್ರೊಫೆಸರಿಗೆ ಜಿಂಕೆ ತೋರಿಸ್ದೆ ಕಣೆ.”

ತಪ್ಪು ಗೊತ್ತಾಯಿತು, ತಿದ್ದಿಕೊಳ್ಳುವುದು ಅಷ್ಟು ಸುಲಭವಿರಲಿಲ್ಲ. ಅಟ್ಟದ ಮೇಲೆ ನಾನೇ ಪ್ರೊಫೆಸರಾಗಿ ಮೂಟೆಯ ಮೇಲೆ ಕೂತು, ಅವಳಿಗೆ ಗೊತ್ತಿರಲು ಸಾಧ್ಯವೇ ಇಲ್ಲದ ಪ್ರಶ್ನೆ ಕೇಳುತ್ತಿದ್ದೆ. ಅವಳು ಬೆವರುತ್ತಿದ್ದಳು. ಬಹಳ ಕಷ್ಟಪಟ್ಟು “ಗೊತ್ತಿಲ್ಲ ಸಾರ್” ಎನ್ನುವಳು, ಅದರ ಬೆನ್ನಿಗೇ “ಆದ್ರೆ” ಎನ್ನುವಳು. ಆ ‘ಆದ್ರೆ’ ಒಂದು ಬಂತೆಂದರೆ ಸೂರತ್ತು, ಸೊಲ್ಲಾಪುರ, ಕಂಚಿ ಎಲ್ಲ ಹಿಂದೆಯೇ ಬಂದವೆಂದು ಲೆಕ್ಕ. ನಾನು ಬೈದೆ. ಅವಳೂ ಬೈದಳು. “ನಿಂಗೇನು, ನಿಮ್ಮನೇಲಿ ‘ಇಲ್ಲ’ ಅನ್ನೋದನ್ನ ಮಂತ್ರದ ಥರ ಹೇಳ್ತೀರ” ಎಂದಳು.

ಅವಳು ಸಿಟ್ಟಿಗೆ ಹೇಳಿದ್ದು ನನಗೆ ಉಪಾಯವಾಗಿ ಕಂಡಿತು. ಮರುದಿನವೇ ಜನ್ನಾಪುರಕ್ಕೆ ಕರೆದುಕೊಂಡು ಹೋದೆ. ನಮ್ಮ ಕಾರ್ಖಾನೆ ಕೇರಿಯಲ್ಲಿ ‘ಇಲ್ಲ’ಕ್ಕೆ ಬರವಿರಲಿಲ್ಲ. ನೀರಿಲ್ಲ, ಕರೆಂಟಿಲ್ಲ, ಓವರ್‌ಟೈಮ್ ಇಲ್ಲ ಎಂದು ಬೆಳಗಾದರೆ ಎಲ್ಲರೂ ಹೇಳುತ್ತಿದ್ದರು, ಹೇಳಿ ಟೀ ಕುಡಿಯುತ್ತಿದ್ದರು. ನಾವು ಮೆಟ್ಟಿಲ ಮೇಲೆ ಕೂತಿದ್ದಾಗ ಪಕ್ಕದ ಮನೆಯ ತಮಿಳು ಹೆಂಗಸು ಸುಬ್ಬಲಕ್ಷ್ಮಿ ಬಟ್ಟಲು ಹಿಡಿದುಕೊಂಡು ಬಂದರು.

“ಶೇಷಮ್ಮ, ಹೆಪ್ಪಿಗೆ ಒಂಚೂರು ಮೊಸರಿದ್ಯಾ?”

“ಇಲ್ಲ ಕಣ್ರೀ” ಎಂದಳು ನನ್ನಮ್ಮ, ಕೈಯಲ್ಲಿದ್ದ ಸೊಪ್ಪಿನಿಂದ ತಲೆಯನ್ನೂ ಎತ್ತದೆ.

“ಪರವಾಯಿಲ್ಲೆ” ಎಂದು ಸುಬ್ಬಲಕ್ಷ್ಮಿ ಬಟ್ಟಲನ್ನು ಪಕ್ಕಕ್ಕಿಟ್ಟು ಅಲ್ಲೇ ಕೂತರು. ಇಬ್ಬರೂ ಸೊಪ್ಪು ಬಿಡಿಸುತ್ತಾ ಮಾತಿಗೆ ತೊಡಗಿದರು.

ಶಾಂಭವಿ ಬಾಯಿ ಬಿಟ್ಟುಕೊಂಡು ನೋಡಿದಳು. “ಆಂಟಿ, ಅವ್ರಿಗೆ ಬೇಜಾರಾಗಲ್ವಾ?” ಎಂದು ಅಮ್ಮನ ಕಿವಿಯಲ್ಲಿ ಕೇಳಿದಳು.

“ಯಾಕಮ್ಮ ಬೇಜಾರು? ಇದ್ದಿದ್ರೆ ಕೊಡ್ತಿದ್ದೆ ಅಂತ ಅವ್ರಿಗೆ ಗೊತ್ತಲ್ಲ” ಎಂದಳು ಅಮ್ಮ.

ಶಾಂಭವಿ ಸಂಜೆ ಬಸ್ಸು ಹತ್ತುವವರೆಗೂ ಅದನ್ನೇ ಯೋಚಿಸುತ್ತಿದ್ದಳು. ಅವಳಿಗೆ ಆ ಮಾತು ಹಿಡಿಸಿತ್ತು. ಇನ್ನು ಅಂಗಡಿಯಲ್ಲೇ ಅಭ್ಯಾಸ ಮಾಡುತ್ತೇನೆ ಎಂದು ಕಿಟಕಿಯಿಂದ ಕೂಗಿ ಹೇಳಿ ಹೋದಳು. ಬೇಡ ಮಾರಾಯ್ತಿ, ನಿಮ್ಮಪ್ಪನ ಎದೆ ಒಡೆಯುತ್ತದೆ ಎಂದು ನಾನು ಹೇಳಿದ್ದು ಬಸ್ಸಿನ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ.

ಆ ವರ್ಷ ದಸರೆಯ ಹತ್ತಿರ ಅದು ನಡೆದೇ ಹೋಯಿತು. ಅಂಗಡಿ ಆಗತಾನೆ ತೆರೆದಿತ್ತು, ಗಲ್ಲಾದ ಮೇಲಿನ ದೇವರ ಪಟಕ್ಕೆ ಹೂವು ಏರಿಸಿ ಮುರುಗೇಶಪ್ಪನವರು ಕೂತಿದ್ದರು. ಹಳೆಯ ಗಿರಾಕಿ ಕಾಶಮ್ಮ ಮೆಟ್ಟಿಲು ಹತ್ತಿ ಬಂದರು. ಮಗಳಿಗೆ ಸೀಮಂತ, ಕೆಂಪಂಚಿನ ಹಸಿರು ಹತ್ತಿ ಸೀರೆ ಬೇಕು, ರೇಷ್ಮೆ ಬೇಡ, ಬಸುರಿಗೆ ಸೆಕೆ ಎಂದರು. ಅಂಥದ್ದು ಅಂಗಡಿಯಲ್ಲಿ ಇರಲಿಲ್ಲ. ಮುರುಗೇಶಪ್ಪನವರು “ಬನ್ನಿ ತಾಯಿ, ಕೂತ್ಕೊಳ್ಳಿ” ಎಂದು ಗಿಳಿಹಸಿರಿನ ರೇಷ್ಮೆಗೆ ಕೈಚಾಚಿದರು. ಅಷ್ಟರಲ್ಲಿ ಶಾಂಭವಿ ಹೇಳಿಬಿಟ್ಟಳು.

“ಇಲ್ಲ ಕಾಶಮ್ಮ. ನಮ್ಮಲ್ಲಿಲ್ಲ.”

ಬ್ಲೌಸ್ ಪೀಸ್ ನೋಡುವ ನೆಪದಲ್ಲಿ ನಾನೂ ಅಲ್ಲೇ ಇದ್ದೆ. ಮುರುಗೇಶಪ್ಪನವರ ಕೈ ರೇಷ್ಮೆಯ ಮೇಲೆ ಹಾಗೇ ನಿಂತಿತು. ಕಾಶಮ್ಮ ಒಂದು ಗಳಿಗೆ ಇವಳ ಮುಖ, ಒಂದು ಗಳಿಗೆ ಅವರ ಮುಖ ನೋಡಿದರು. “ಇಲ್ವಾ? ಸರಿ ಬಿಡವ್ವ, ಬೇರೆ ಕಡೆ ನೋಡ್ತೀನಿ” ಎಂದು ಇಳಿದು ಹೋದರು.

ಮುರುಗೇಶಪ್ಪನವರು ಕೂಗಾಡುವ ಜನವಲ್ಲ. ಎದ್ದು ಊದುಬತ್ತಿ ಹಚ್ಚಿದರು, ಹೊಸ್ತಿಲಿಗೆ ನೀರು ಚಿಮುಕಿಸಿದರು, ಗಲ್ಲಾ ಒರೆಸಿದರು. ಕೊನೆಗೆ, “ಬೋಣಿ ಹೊತ್ತಲ್ಲಿ ಆ ಮಾತು ಆಡಬಾರದಿತ್ತು ಮರೀ” ಎಂದರು. ಶಾಂಭವಿಯ ಕಣ್ಣಲ್ಲಿ ನೀರು ಬಂತು, ಆದರೂ ಕ್ಷಮಿಸಿ ಅನ್ನಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರೇ ಒಂದು ದಾರಿ ಹುಡುಕಿ ತಂದರು. “ನೀನು ಇನ್ಮೇಲೆ ಊಟ ಆದ್ಮೇಲೆ ಅಂಗಡಿಗೆ ಬಾ. ಬೆಳಗ್ಗೆ ಮನೇಲಿ ಓದ್ಕೋ” ಎಂದರು. ಹೀಗೆ ಅವಳಿಗೆ ದಿನಾ ಬೆಳಗಿನ ಹೊತ್ತು ಓದಲು ಸಿಕ್ಕಿತು. ಬೇಡಿಕೊಂಡಿದ್ದರೂ ಸಿಗುತ್ತಿರಲಿಲ್ಲ.

ನಿಜ ಹೇಳಿದ್ದರಿಂದ ಅಂಗಡಿಗೆ ಹೆಸರು ಬಂದು ವ್ಯಾಪಾರ ಏರಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ಕಾಶಮ್ಮ ಕೆಲವು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಮಧ್ಯಾಹ್ನದ ಗಿರಾಕಿಗಳಲ್ಲೂ ಶಾಂಭವಿ ‘ಇಲ್ಲ’ ಎಂದ ತಕ್ಷಣ ಎದ್ದು ಹೋದವರೇ ಹೆಚ್ಚು. ಆದರೆ ಅವಳ ನಾಲಗೆ ಪಳಗಿತು. ಹೇಳಿದ ಮೇಲೆ ಬರುವ ಮೌನವನ್ನು ತಡೆದುಕೊಳ್ಳುವುದನ್ನು ಕಲಿತಳು. ಕೈ ತಾನಾಗಿ ಮೇಲಿನ ಹಲಗೆಗೆ ಹೋಗುವುದನ್ನು ತಡೆಯಲು ಎರಡೂ ಕೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂರುತ್ತಿದ್ದಳು. ನೋಡಿದವರಿಗೆ ಚಳಿಯಾಗುತ್ತಿದೆ ಎನ್ನಿಸುತ್ತಿತ್ತು.

ಎರಡನೆಯ ಸಲವೂ ಪರೀಕ್ಷೆ ಮತ್ತು ಡಿಸ್ಕಷನ್ ಸಲೀಸಾಗಿ ಮುಗಿದವು. ಇಂಟರ್‌ವ್ಯೂ ಕೋಣೆಯೊಳಗೆ ಕಾಲಿಟ್ಟರೆ ಮಧ್ಯದ ಕುರ್ಚಿಯಲ್ಲಿ ಅದೇ ಸಣಕಲು ಪ್ರೊಫೆಸರು! ಅವರಿಗೂ ಇವಳ ಗುರುತು ಸಿಕ್ಕಿತು. ಇದೇ ಕೊನೆಯ ಅವಕಾಶ, ಇದು ತಪ್ಪಿದರೆ ಅಂಗಡಿಯ ಹಾಸೇ ಗತಿ ಎಂದು ಇವಳಿಗೆ ಗೊತ್ತಿತ್ತು. ಯುರೋಪಿನ ಹೊಸ ಕರೆನ್ಸಿಯ ವಿಚಾರ ಕೇಳಿದರು. ಓದಿದ್ದಳು, ನೇರವಾಗಿ ಹೇಳಿದಳು. ಆಮೇಲೆ, ಕಳೆದ ವರ್ಷದ ಅಣು ಪರೀಕ್ಷೆಯ ನಂತರ ಬೇರೆ ದೇಶಗಳು ಹಾಕಿದ ನಿರ್ಬಂಧಗಳಿಂದ ನಮ್ಮ ಜವಳಿ ರಫ್ತಿಗೆ ಏನಾಯಿತು ಎಂದು ಕೇಳಿದರು.

ಜವಳಿ ಎಂಬ ಮಾತೇ ಬಂದಿತ್ತು. ಹರಡಲು ಅವಳ ಹತ್ತಿರ ಇಡೀ ಅಂಗಡಿಯೇ ಇತ್ತು. ಅವಳು ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡಳು.

“ಗೊತ್ತಿಲ್ಲ ಸಾರ್.”

ಫ್ಯಾನ್ ತಿರುಗುತ್ತಿತ್ತು. ಪ್ರೊಫೆಸರು ‘ಆದ್ರೆ’ಗಾಗಿ ಕಾಯುತ್ತಿದ್ದಾರೆ ಎಂದು ಅವಳಿಗೆ ಗೊತ್ತಾಯಿತು. ನಾಲಗೆಯ ತುದಿಯವರೆಗೆ ಬಂದಿದ್ದ ಸೂರತ್ತನ್ನು ನುಂಗಿಕೊಂಡು ಕೂತಳು. ಬಹಳ ಹೊತ್ತಿನ ಮೇಲೆ ಅವರು ಬೇರೆ ಪ್ರಶ್ನೆಗೆ ಹೊರಟರು.

ಕೊನೆಯಲ್ಲಿ ಅವರು, ನೀವು ಇಲ್ಲಿ ಬಂದು ಓದುವುದಕ್ಕೆ ನಿಮ್ಮ ತಂದೆಯ ಒಪ್ಪಿಗೆ ಇದೆಯೇ ಎಂದು ಕೇಳಿದರು. ಇಂಥದ್ದಕ್ಕೆ ಎಲ್ಲರೂ ಹೇಳುವ ಉತ್ತರ ಒಂದೇ. ಶಾಂಭವಿ ಮಾತ್ರ ಒಂದು ಗಳಿಗೆ ಯೋಚಿಸಿದಳು. “ಇಲ್ಲ ಸಾರ್. ಅವರು ಬೇಡ ಅಂತ ಬಾಯಿಬಿಟ್ಟು ಹೇಳಿಲ್ಲ, ಅವರಿಗೆ ಹೇಳೋಕೆ ಬರಲ್ಲ. ಒಪ್ಪಿಗೆ ಇಲ್ಲ.”

“ಸೀಟು ಕೊಟ್ಟರೆ ಬರ್ತೀರಾ?”

“ಬರ್ತೀನಿ ಸಾರ್.”

ಈ ಸಲ ಮೂವರಲ್ಲಿ ಒಬ್ಬರೂ ನಗಲಿಲ್ಲ. ಹಾಗಾಗಿ ಎಲ್ಲ ಮುಗಿಯಿತು ಎಂದುಕೊಂಡೇ ಊರಿಗೆ ಬಂದಳು. ಅಂಗಡಿಯ ಲೈಸೆನ್ಸಿಗೆ ತನ್ನ ಹೆಸರು ಸೇರಿಸುವ ವಿಚಾರವನ್ನು ತಾನೇ ಎತ್ತಿದಳು. ಎರಡು ವಾರದ ಮೇಲೆ ಸೀಟು ಸಿಕ್ಕಿದೆ ಎಂದು ಕಾಗದ ಬಂತು. ಅವಳು ಜನ್ನಾಪುರಕ್ಕೆ ಓಡಿ ಬಂದು ಮೊದಲು ನನ್ನಮ್ಮನನ್ನು ಅಪ್ಪಿಕೊಂಡಳು, ಆಮೇಲೆ ನನ್ನನ್ನು. ನನಗೆ ಅಷ್ಟು ಖುಷಿ ನನ್ನ ಸ್ವಂತ ನೌಕರಿ ಸಿಕ್ಕಾಗಲೂ ಆಗಿಲ್ಲ.

ಮುರುಗೇಶಪ್ಪನವರು ಬೀದಿಗೆಲ್ಲ ಪೇಡ ಹಂಚಿದರು. ಅದರ ಮರುದಿನದಿಂದ ಮತ್ತೆ ಶುರು ಮಾಡಿದರು. ಅಂಚೆಯಲ್ಲೇ ಎಂ.ಬಿ.ಎ. ಓದಬಹುದಂತೆ ಎಂದರು. ಮುಂದಿನ ವರ್ಷ ಹೋದರೆ ಹೇಗೆ ಎಂದರು. ಕೊನೆಗೆ ಒಂದು ಸಂಜೆ ಪೇಂಟರ್ ಒಬ್ಬನನ್ನು ಕರೆತಂದು ಬೀದಿಯಲ್ಲಿ ನಿಲ್ಲಿಸಿಕೊಂಡರು. ತಲೆ ಎತ್ತಿ ಬೋರ್ಡು ತೋರಿಸುತ್ತಾ, “ಮರೀ, ಆ ಸನ್ಸ್ ಅನ್ನೋದು ಅಳಿಸಿ ನಿನ್ನ ಹೆಸರು ಹಾಕ್ಸೋಣ. ದೊಡ್ಡ ಅಕ್ಷರದಲ್ಲಿ” ಎಂದರು.

ಅವರ ಹತ್ತಿರ ಹರಡಲು ಅದಕ್ಕಿಂತ ದೊಡ್ಡ ಮಾಲು ಇರಲಿಲ್ಲ. ಶಾಂಭವಿ ಬಹಳ ಹೊತ್ತು ಆ ಬೋರ್ಡನ್ನೇ ನೋಡಿದಳು. “ಬೇಡ ಅಪ್ಪಾಜಿ. ನಾನು ಹೋಗ್ಬೇಕು” ಎಂದಳು. ಅದಕ್ಕೆ ಮುಂದೆ ಏನನ್ನೂ ಸೇರಿಸಲಿಲ್ಲ. ಅವರು ಪೇಂಟರನ್ನು ಕಳಿಸಿ, ಮಂಡಿ ಹಿಡಿದುಕೊಂಡು ಏಣಿ ಹತ್ತಿದರು. ಹೊದಿಕೆ, ಟವೆಲ್ಲು, ಹತ್ತಿ ಸೀರೆಗಳನ್ನು ಇಳಿಸಿ ಅವಳ ಟ್ರಂಕಿಗೆ ತುಂಬತೊಡಗಿದರು. ಟ್ರಂಕು ಮುಚ್ಚಲು ಆಗದಷ್ಟು ತುಂಬಿದರು. ಮುಚ್ಚಳದ ಮೇಲೆ ನಾನು ಕೂರಬೇಕಾಯಿತು.

ಈಗ ಶಾಂಭವಿ ಮುಂಬಯಿಯ ಒಂದು ಮಿಲ್ ಕಂಪನಿಯಲ್ಲಿ ಬಣ್ಣ ನಿರ್ಧಾರವಾಗುವ ಕೋಣೆಯಲ್ಲೇ ಕೂರುತ್ತಾಳೆ. ಅಲ್ಲಿ ಅವಳನ್ನು ಕಂಡರೆ ಡೀಲರುಗಳಿಗೆ ಹೆದರಿಕೆಯಂತೆ. ಆಗುವುದಿಲ್ಲ ಎಂದರೆ ಆಗುವುದಿಲ್ಲ, ಮರುಮಾತಿಲ್ಲ ಎನ್ನುತ್ತಾರಂತೆ. ಫೋನಿನಲ್ಲಿ ಅದನ್ನು ಹೇಳಿಕೊಂಡು ನಗುತ್ತಾಳೆ. ನನಗೆ ಹೆಮ್ಮೆ, ಬಚ್ಚಿಡುವುದು ಏನಿದೆ.

ಆದರೆ ನನ್ನ ಕಣ್ಣಿಗೆ ಕಟ್ಟಿದ ಹಾಗಿರುವುದು ಅವಳು ಬೆಂಗಳೂರಿನ ರೈಲು ಹತ್ತಿದ ಮರುದಿನದ ಬೆಳಗು. ಅವಳು ನನಗೆಂದು ಬಿಟ್ಟು ಹೋಗಿದ್ದ ಪುಸ್ತಕಗಳನ್ನು ತೆಗೆದುಕೊಳ್ಳಲು ಅಂಗಡಿಗೆ ಹೋಗಿದ್ದೆ. ಬಾಗಿಲು ತೆರೆದು ಹೆಚ್ಚು ಹೊತ್ತಾಗಿರಲಿಲ್ಲ. ಮುರುಗೇಶಪ್ಪನವರು ಪಟಕ್ಕೆ ಹೂವು ಏರಿಸಿ ಗಲ್ಲಾದಲ್ಲಿ ಕೂತಿದ್ದರು. ಅಷ್ಟರಲ್ಲಿ ಮೆಟ್ಟಿಲು ಹತ್ತಿ ಬಂದವರು ಕಾಶಮ್ಮ, ಸೊಂಟದಲ್ಲಿ ಮಗಳ ಕೂಸು. ಆ ದಸರೆಯ ನಂತರ ಅವರು ಅಂಗಡಿ ಹತ್ತಿದ್ದು ಅದೇ ಮೊದಲು.

“ಕೂಸಿಗೆ ಬಟ್ಟೆ ಬೇಕಿತ್ತು ಸಾವ್ಕಾರ್ರೇ. ನಿಮ್ಮ ಮಗಳೇ ತೆಗೆದುಕೊಡ್ಲಿ, ಇದ್ರೆ ಇದೆ, ಇಲ್ದಿದ್ರೆ ಇಲ್ಲ ಅಂತಾಳೆ. ಎಲ್ಲಿ ಅವ್ಳು? ಅಂಗಡೀಲಿ ಇಲ್ವಾ?”

ಮುರುಗೇಶಪ್ಪನವರು ಬರ್ತಾಳೆ ಕೂತ್ಕೊಳ್ಳಿ ಎನ್ನಬಹುದಿತ್ತು. ಓದೋಕೆ ಹೋಗಿದಾಳೆ, ದೊಡ್ಡ ಕಾಲೇಜು ಎನ್ನಬಹುದಿತ್ತು. ಅವರ ಕೈ ಅಭ್ಯಾಸ ಬಲದಿಂದ ಮೇಲಿನ ಹಲಗೆಗೆ ಹೋಗಿ ಒಂದು ಬಟ್ಟೆಯ ಅಂಚು ಮುಟ್ಟಿತು. ಆಮೇಲೆ ಅದನ್ನು ಎಳೆಯದೆ ಕೆಳಗೆ ಬಂದು ತೊಡೆಯ ಮೇಲೆ ಕೂತಿತು.

“ಇಲ್ಲ ಕಾಶಮ್ಮ” ಎಂದರು ಮುರುಗೇಶಪ್ಪನವರು. “ಶಾಂಭವಿ ಇಲ್ಲ.”

ಕಾಶಮ್ಮ ಹಾಸಿನ ಮೇಲೆ ಕೂತು ಕೂಸನ್ನು ಅವರ ಮುಂದೆ ಬಿಟ್ಟರು. ಮುರುಗೇಶಪ್ಪನವರು ಈ ಸಲ ಊದುಬತ್ತಿ ಹಚ್ಚಲು ಏಳಲಿಲ್ಲ. ಅಂಗಡಿಯಲ್ಲಿ ಇನ್ನೂ ಬೋಣಿಯಾಗಿರಲಿಲ್ಲ.